ಗಿರಣಿ ನಿಲ್ಲಿಸಿದ ಕಾಕು

ಹೋದ ವಾರ ನವನಗರದ ಬ್ಯಾಂಕಿಗೆಂದು ಟಂಟಂ ರಿಕ್ಷಾ ಹತ್ತಿದಾಗ ಪಕ್ಕದಲ್ಲಿ ಯಾರೋ ಒಬ್ಬಾಕೆ ಬಂದು ಕುಳಿತರು. ಅವರ ಮಡಿಲಲ್ಲಿದ್ದ ಡಬ್ಬಿ ನನ್ನ ಮೊಣಕೈಗೆ ತಾಗಿತು. ಬೆಚ್ಚಗಿತ್ತು. ಮುಚ್ಚಳದ ಸಂದಿಯಿಂದ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ವಾಸನೆ... ನನಗೆ ಕಣ್ಣು ಕಾಣುವುದಿಲ್ಲ. ನೆನಪುಗಳು ಬಂದರೆ ಮೂಗಿನ ದಾರಿಯಿಂದಲೇ ಬರಬೇಕು. ಅವತ್ತು ಬಂದದ್ದು ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯ ಗಿರಣಿ, ಮತ್ತು ಅದನ್ನು ನಡೆಸುತ್ತಿದ್ದ ಕಾಕು.

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನಮಗೇನೂ ಸಂಬಂಧಿಯಲ್ಲ, ಓಣಿಗೆಲ್ಲ ಕಾಕು. ಗಿರಣಿಗೆ ಅಂಟಿಕೊಂಡೇ ಇದ್ದ ಖೋಲಿಯನ್ನು ಇಂಟರ್ನೆಟ್ ಅಂಗಡಿ ಇಡುವವನಿಗೆ ಬಾಡಿಗೆ ಕೊಟ್ಟಿದ್ದರು. ಅವನು ಬಾಡಿಗೆ ಕೊಡಲಾಗದೆ ಎರಡು ಕಂಪ್ಯೂಟರ್ ಬಿಟ್ಟು ಊರು ಖಾಲಿ ಮಾಡಿದ. ಕಾಕು ಅವನ್ನು ಮಾರಲಿಲ್ಲ. ಈ ಕಡೆ ಜೋಳ ಸುರುವುತ್ತ, ಆ ಕಡೆ ಕಾಲೇಜು ಹುಡುಗರಿಗೆ ತಾಸಿನ ಲೆಕ್ಕದಲ್ಲಿ ನೆಟ್ ಕೊಡುತ್ತ ಕುಳಿತರು. ಆ ಕೀಬೋರ್ಡಿನ ಸಂದಿಗಳಲ್ಲಿ ಯಾವಾಗಲೂ ಹಿಟ್ಟು ಇರುತ್ತಿತ್ತು.

ಕಾಲೇಜಿನ ಕೊನೆಯ ವರ್ಷದಲ್ಲಿ ನನ್ನ ಕಣ್ಣು ಹೋಯಿತು. ಅದಕ್ಕಿಂತ ಮೈ ಉರಿಸಿದ್ದು ‘ಪಾಪ’ ಎಂಬ ಮಾತು. ಯಾರು ಬಂದರೂ ಪಾಪ, ಯಾರು ಹೋದರೂ ಪಾಪ. ನನಗೆ ಬಂದ ಪತ್ರವನ್ನು ಅಪ್ಪ ಒಡೆದು ಓದಬೇಕು, ಓದುವಾಗ ತನಗೆ ಸೇರದ ಸಾಲು ಬಿಡಬೇಕು, ಬಿಟ್ಟದ್ದು ನನಗೆ ಗೊತ್ತಾಗಬೇಕು. ಒಂದು ಪುಟವನ್ನಾದರೂ ನಾನೇ ಓದಬೇಕು ಎಂಬ ಹಟ ಬಿಟ್ಟರೆ ಆ ದಿನಗಳಲ್ಲಿ ನನ್ನಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಹಾಗೆಯೇ ಕಣ್ಣು ಕಾಣದ ಗೆಳತಿಯೊಬ್ಬಳಿದ್ದಳು. ಅವಳು ಒಂದು ದಿನ ಫೋನಿನಲ್ಲಿ ಹೇಳಿದಳು, ನಮ್ಮಂಥವರದೇ ಒಂದು ಇಮೇಲ್ ಗುಂಪು ಇದೆ, ಪರದೆಯ ಮೇಲಿನ ಅಕ್ಷರ ಓದಿ ಹೇಳುವ ತಂತ್ರಾಂಶವನ್ನು ಅಲ್ಲಿ ಪುಕ್ಕಟೆ ಹಂಚುತ್ತಾರೆ ಎಂದು. ಮರುದಿನ ಜೋಳದ ಡಬ್ಬಿಯ ಜೊತೆ ಈ ಮಾತನ್ನೂ ಗಿರಣಿಗೆ ಒಯ್ದೆ. ಕಾಕು ಪೂರ್ತಿ ಕೇಳಲೂ ಇಲ್ಲ. ‘ಕುಂದ್ರು’ ಎಂದರು.

ಅವತ್ತಿನ ಅವಾಂತರ ನೆನೆದರೆ ಈಗಲೂ ನಗು ಬರುತ್ತದೆ. ಕಂಪ್ಯೂಟರ್ ಗೊತ್ತಿದ್ದ ಗೆಳತಿಗೆ ಕಣ್ಣಿಲ್ಲ, ಅವಳು ಹುಬ್ಬಳ್ಳಿಯ ಫೋನಿನಲ್ಲಿ. ಕಣ್ಣಿದ್ದ ಕಾಕುವಿಗೆ ಮೌಸ್ ಹಿಡಿಯುವುದು ಬಿಟ್ಟರೆ ಏನೂ ಗೊತ್ತಿಲ್ಲ. ನಡುವೆ ನಾನು, ರಿಸೀವರ್ ಕಿವಿಗಿಟ್ಟುಕೊಂಡು ಅವಳ ಮಾತನ್ನು ಇವರಿಗೆ ಕೂಗಿ ಹೇಳುವವಳು. ಹೇಗೋ ತಂತ್ರಾಂಶವನ್ನು ಹಾಕಿದೆವು. ಕಂಪ್ಯೂಟರ್ ತುಟಿ ಪಿಟಕ್ಕೆನ್ನಲಿಲ್ಲ. ತೆಗೆದು ಮತ್ತೆ ಹಾಕಿದೆವು, ಇಲ್ಲ. ಗೆಳತಿ ಆ ಕಡೆಯಿಂದ ಬೈದಳು, ಕಾಕು ಈ ಕಡೆಯಿಂದ ಬೈದರು. ಇದು ನಮ್ಮ ಹಣೆಬರಹದಲ್ಲಿಲ್ಲ ಎಂದು ನಾನು ಏಳುವಷ್ಟರಲ್ಲಿ ಕರೆಂಟ್ ಹೋಯಿತು.

ಗಿರಣಿ ನಿಂತಿತು. ಕಂಪ್ಯೂಟರಿಗೆ ಬ್ಯಾಟರಿ ಇದ್ದದ್ದರಿಂದ ಅದು ನಿಲ್ಲಲಿಲ್ಲ. ಓಣಿಯೆಲ್ಲ ಒಮ್ಮೆಲೇ ತೆಪ್ಪಗಾದಾಗ ಮೇಜಿನ ಮೇಲಿನಿಂದ ಒಂದು ಸಣ್ಣ, ಕೀರಲು ದನಿ ಇಂಗ್ಲಿಷಿನಲ್ಲಿ ಏನನ್ನೋ ಹೇಳುತ್ತಲೇ ಇತ್ತು. ಮೊದಲಿನಿಂದಲೂ ಹೇಳುತ್ತಿತ್ತು. ಗಿರಣಿಯ ಸದ್ದಿನಲ್ಲಿ ನಮಗೇ ಕೇಳಿಸಿರಲಿಲ್ಲ.

‘ಅಯ್ಯ ಶಿವನ, ಇದು ಬಾಯಿ ಬಡಕೊಳ್ಳಾಕತ್ತಿತ್ತಲ್ಲಬೇ, ನಾವ ಕಿವುಡ್ರಾಗಿದ್ವಿ’ ಎಂದರು ಕಾಕು. ನಾನು ಅತ್ತುಬಿಟ್ಟೆ. ಬ್ಯಾಟರಿ ಮುಗಿದು ಆ ದನಿ ಆರುವವರೆಗೂ ಕೀಲಿಗಳನ್ನು ಒತ್ತುತ್ತ, ಅದು ಅಕ್ಷರ ಹೇಳುವುದನ್ನು ಕೇಳುತ್ತ ಅಳುತ್ತಲೇ ಇದ್ದೆ.

ಆಮೇಲೆ ಇಯರ್‌ಫೋನ್ ಹಾಕಿ ನೋಡಿದೆವು. ಕಲ್ಲು ತಿರುಗುವಾಗ ಕುರ್ಚಿಯೇ ನಡುಗುತ್ತಿತ್ತು, ಕಿವಿಯೊಳಗೆ ಗುಡುಗುಡು ಬಿಟ್ಟರೆ ಏನೂ ಇಲ್ಲ. ಸಂಜೆ ಹೋಗೋಣವೆಂದರೆ ಎರಡೂ ಕಂಪ್ಯೂಟರ್ ಹುಡುಗರ ಕೈಯಲ್ಲಿ. ಕಾಕು ಒಂದು ನಿರ್ಧಾರ ಮಾಡಿದರು. ದಿನಾ ಮಧ್ಯಾಹ್ನ ನಾನು ಬಂದು ಕುಳಿತ ಕೂಡಲೇ ಗಿರಣಿ ಬಂದ್. ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಊರೇ ಕಾಯುತ್ತಿದ್ದ ಕಾಲ ಅದು. ಕರೆಂಟ್ ಇದ್ದಾಗ ಗಿರಣಿ ನಿಲ್ಲಿಸುವುದೆಂದರೆ ಬಡಿಸಿದ ಎಲೆ ಬಿಟ್ಟು ಎದ್ದ ಹಾಗೆ. ಪಾಳಿಯಲ್ಲಿ ಡಬ್ಬಿ ಇಟ್ಟು ನಿಂತವರು ಗೊಣಗುತ್ತಿದ್ದರು. ಕಾಕುವಿನದು ಒಂದೇ ಉತ್ತರ.

‘ಅಕಿ ಓದಾಕತ್ತಾಳ. ನಿಂದಿರ್ರಿ.’

ಆ ಗುಂಪಿನ ಇಮೇಲ್ ಕಾಗದಗಳನ್ನು ನಾನು ಓದಿದ್ದು ಹೀಗೆ, ಜನರನ್ನು ಬಾಗಿಲಲ್ಲಿ ನಿಲ್ಲಿಸಿ. ಒಬ್ಬರು ಮುದ್ರಿತ ಪುಟವನ್ನು ದನಿಯಾಗಿಸುವ ತಂತ್ರಾಂಶ ಹುಡುಕಿ ಕೊಡುತ್ತಿದ್ದರು, ಇನ್ನೊಬ್ಬರು ಅದರಲ್ಲಿ ಸಿಕ್ಕಿಕೊಂಡು ಬಿಡಿಸಿಕೊಂಡ ದಾರಿ ಬರೆಯುತ್ತಿದ್ದರು. ಯಾರೂ ಯಾರಿಗೂ ಪಾಪ ಎನ್ನುತ್ತಿರಲಿಲ್ಲ. ಏನಾದರೂ ಕೇಳಿದರೆ ಯಾವ ಕೀಲಿ ಒತ್ತಬೇಕೆಂದು ಹೇಳುತ್ತಿದ್ದರು, ಅಷ್ಟೇ. ಎಷ್ಟು ಹಾಯೆನಿಸುತ್ತಿತ್ತು ಅದು...

ಆಗ ತಗಾದೆ ತೆಗೆದವರು ಖಾನಾವಳಿಯ ಮಾಲಕರು. ದಿನಾ ಚೀಲಗಟ್ಟಲೆ ರೊಟ್ಟಿಯ ಜೋಳ ಬೀಸಿಸುವ ದೊಡ್ಡ ಗಿರಾಕಿ. ನಾನು ಒಳಗೆ ಕುಳಿತಿದ್ದಾಗಲೇ ಅವರ ದನಿ ಏರಿತು.

‘ಕರೆಂಟ್ ಇದ್ದಾಗ ಗಿರಣಿ ಬಂದ್ ಮಾಡ್ತೀರಲ್ಲ ಅಕ್ಕಾರ, ಇದೇನ್ ರೀತಿರೀ? ಪಾಪ, ಕಣ್ಣಿಲ್ಲದ ಹುಡುಗಿ ಓದಿ ಏನ್ ಮಾಡೂದೈತಿ?’

‘ಕಣ್ಣಿದ್ದ ನೀವು ಏನ್ ಓದೀರಿ, ಹೇಳ್ರಿ ನೋಡೂಣು’ ಎಂದರು ಕಾಕು. ‘ಪಾಪ ಗೀಪ ನಿಮ್ಮ ಖಾನಾವಳ್ಯಾಗ ಇಟ್ಕೋರಿ. ನಿಂದಿರೂದಿದ್ರ ನಿಂದಿರ್ರಿ, ಇಲ್ಲಾಂದ್ರ ಚೀಲ ಎತ್ರಿ.’

ಅವರು ಚೀಲ ಎತ್ತಿದರು. ಮತ್ತೆ ಬರಲಿಲ್ಲ.

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ನನ್ನಿಂದ ಇನ್ನೊಬ್ಬರ ಹೊಟ್ಟೆಗೆ ಕುತ್ತು ಬೇಡವೆಂದು ಗಿರಣಿಗೆ ಹೋಗುವುದನ್ನೇ ಬಿಟ್ಟೆ. ಒಂದು ದಿನ ಕಾಕು ಮನೆಗೇ ಬಂದರು. ಅವರು ಬಾಗಿಲಿಗೆ ಬರುವ ಮುಂಚೆ ಹಿಟ್ಟಿನ ವಾಸನೆ ಬಂತು.

‘ಯಾಕ ಬರವಲ್ಲಿ?’

‘ನನ್ನಿಂದ ನಿಮಗ ಲುಕ್ಸಾನ ಆಗಾಕತ್ತೈತ್ರಿ ಕಾಕು.’

‘ಲುಕ್ಸಾನ ನಂದು. ನಿನ್ನ ಗಂಟೇನ್ ಹೋತು? ನಾ ನಿನಗ ಉಪಕಾರ ಮಾಡಾಕತ್ತೇನಿ ಅಂತ ತಿಳಿದಿಯೇನು? ಗಿರಣ್ಯಾಗ ನಿನ್ನ ಪಾಳಿ ಬಂದಾಗ ಹಿಂದಿನವರ ಹಿಟ್ಟು ಒಂದು ಹಿಡಿ ನಿನ್ನ ಡಬ್ಬ್ಯಾಗ ಬೀಳತೈತಿ. ನಿಂದು ಒಂದು ಹಿಡಿ ಕಲ್ಲಿನಾಗ ಉಳಿದು ಮುಂದಿನವರಿಗೆ ಹೋಗತೈತಿ. ಅದಕ್ಕ ಯಾರರ ಜಗಳ ಮಾಡ್ತಾರೇನು? ನೀ ಆ ಗುಂಪಿನವರ ಹಿಡಿ ತೊಗೊಂಡಿ. ನಿನ್ನ ಹಿಡಿ ಎಲ್ಲೈತಿ?’

ಮರುದಿನ ಹೋದೆ. ಗಿರಣಿ ನಿಂತಿತು.

ಅವತ್ತು ನಾನು ಗುಂಪಿಗೆ ನನ್ನ ಮೊದಲ ಕಾಗದ ಬರೆದೆ. ಸ್ವಂತ ಕಂಪ್ಯೂಟರ್ ಇಲ್ಲದವರು ಈ ಓದುವ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಯಾವ ನೆಟ್ ಅಂಗಡಿಯಲ್ಲಾದರೂ ಕುಳಿತು ಓದುವುದು ಹೇಗೆಂಬುದನ್ನು ನಾನೇ ತಡಕಾಡಿ ಕಂಡುಕೊಂಡಿದ್ದೆ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಮ್ಮ ಧಾರವಾಡದ ಮಾತಿನಲ್ಲೇ ಬರೆದೆ. ಗುಂಪು ನಡೆಸುವವರು ಇಂಗ್ಲಿಷಿನಲ್ಲೇ ಬರೆಯಿರಿ ಎಂದರು. ಇಂಗ್ಲಿಷ್ ಬರುವವರಿಗೆ ನೀವೆಲ್ಲ ಇದ್ದೀರಿ, ಇದು ಬಾರದವರಿಗೆ ಎಂದು ಉತ್ತರ ಕೊಟ್ಟೆ. ಗದಗದಿಂದ ಒಬ್ಬರು, ವಿಜಾಪುರದಿಂದ ಒಬ್ಬರು ಮರುಬರೆದರು, ನಮ್ಮ ಮಾತಿನಲ್ಲೇ. ಅವನ್ನು ಆ ಕೀರಲು ದನಿ ಮುರಿದು ಮುರಿದು ಓದುವಾಗ ಕಾಕು ಪಕ್ಕದಲ್ಲೇ ನಿಂತು ಕೇಳಿದರು. ‘ಬಿತ್ತು ನೋಡು ನಿನ್ನ ಹಿಡಿ’ ಎಂದು ಹೋಗಿ ಗಿರಣಿ ಹಚ್ಚಿದರು.

ಮುಂದೆ ನನಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಗಿರಣಿಗೆ ಹೋಗುವುದು ಕಡಿಮೆಯಾಯಿತು. ಕಾಕು ಹೋದ ಸುದ್ದಿ ಫೋನಿಗೆ ಸಂದೇಶವಾಗಿ ಬಂತು. ನಾನೇ ಓದಿಕೊಂಡೆ, ಯಾರ ಹಂಗೂ ಇಲ್ಲದೆ. ತಂತ್ರಾಂಶ ಅದನ್ನು ಕರೆಂಟ್ ಬಿಲ್ಲು ಓದುವ ದನಿಯಲ್ಲೇ ಓದಿತು. ಜೀವನದಲ್ಲಿ ಅದೊಂದು ಸಾಲನ್ನು ಮಾತ್ರ ಬೇರೆ ಯಾರಾದರೂ ಓದಿ ಹೇಳಬಾರದಿತ್ತೇ ಅನ್ನಿಸಿತು... ಈಗ ಅಲ್ಲಿ ಗಿರಣಿ ಇಲ್ಲ. ಓಣಿಯಲ್ಲಿ ಆ ತಿರುವು ಬಂದರೂ ಮೂಗಿಗೆ ಏನೂ ಸಿಗುವುದಿಲ್ಲ.

ಅವತ್ತು ಟಂಟಂನಲ್ಲಿ ಹಿಟ್ಟಿನ ಡಬ್ಬಿಯವರು ನನಗಿಂತ ಮೊದಲೇ ಇಳಿದು ಹೋದರು. ಬ್ಯಾಂಕಿನಲ್ಲಿ ಒಂದು ಕಾಗದ ಕೊಟ್ಟು ಸಹಿ ಮಾಡಿ ಎಂದರು. ಫೋನನ್ನು ಅದರ ಮೇಲೆ ಹಿಡಿದೆ. ಕಾಗದ ನೋಡಿ ಕನ್ನಡದಲ್ಲೇ ಓದಿ ಹೇಳುವ ಈ ತಂತ್ರಾಂಶವೂ ಗುಂಪಿನಲ್ಲಿ ಯಾರೋ ಬಿಟ್ಟುಹೋದ ಒಂದು ಹಿಡಿಯೇ. ಅದು ಜೋರಾಗಿ ಓದತೊಡಗಿತು. ಹಿಂದೆ ಪಾಳಿಯಲ್ಲಿದ್ದವರು ಗೊಣಗಿದರು. ಒಬ್ಬರು ಮುಂದೆ ಬಂದು, ‘ಪಾಪ, ತರ್ರಿ ಇಲ್ಲೆ, ನಾ ಲಗೂನ ಓದಿ ಹೇಳ್ತೇನಿ’ ಎಂದು ಕಾಗದಕ್ಕೆ ಕೈ ಹಾಕಿದರು.

ನಾನು ಬಿಡಲಿಲ್ಲ.

‘ನಾ ಓದಾಕತ್ತೇನಿ’ ಎಂದೆ. ‘ನಿಂದಿರ್ರಿ.’