ಕೊಡಲಿ ಪುಸ್ತಕ ಕೊಟ್ಟವರು

ನಮ್ಮ ಹೋಳೂರಿನ ಗ್ರಂಥಪಾಲಕರ ಬಲಗೈ ಹೆಬ್ಬೆರಳ ಉಗುರು ನಟ್ಟನಡುವೆ ಸೀಳಿತ್ತು. ಹರಿದ ಪುಸ್ತಕಗಳನ್ನು ದಬ್ಬಳ ಹಿಡಿದು ತಾವೇ ಹೊಲಿಯುತ್ತಿದ್ದರು. ದಬ್ಬಳ ಜಾರಿದಾಗಲೆಲ್ಲ ಪೆಟ್ಟು ಅದೇ ಬೆರಳಿಗೆ. ಹುಳ ಬೀಳದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರಿಂದ ಆ ಸೀಳಿನಲ್ಲಿ ಸದಾ ಒಂದು ನೀಲಿ ಗೆರೆ ಇರುತ್ತಿತ್ತು. ಪುಸ್ತಕ ಕೊಡುವಾಗ ಕನ್ನಡ ಬಿಟ್ಟು ತೆಲುಗಿಗೆ ಇಳಿದು, "ಚದುವು ನಾಯನಾ, ಚದುವು" ಎಂದು ಓದಲು ಹೇಳುತ್ತಿದ್ದರು. ಓದದೆ ವಾಪಸು ತಂದವರಿಗೆ ಮಾತ್ರ ಅಚ್ಚ ಕನ್ನಡದಲ್ಲಿ ಮಂಗಳಾರತಿ.

ಪುಸ್ತಕ ಹೇಗಿತ್ತು ಎಂದು ಅವರು ಯಾರನ್ನೂ ಕೇಳಿದವರಲ್ಲ. ನಾವಾಗಿಯೇ "ಚೆನ್ನಾಗಿತ್ತು ಸರ್" ಎಂದರೆ, "ಅದನ್ನ ಮದುವೆ ಊಟಕ್ಕೆ ಹೇಳು. ಎಲ್ಲಿ ನಿಲ್ಲಿಸಿದೆ, ಅದನ್ನ ಹೇಳು" ಎನ್ನುತ್ತಿದ್ದರು. ಯಾರು ಯಾವ ಪುಟದಲ್ಲಿ ನಿಂತರು ಎಂಬುದು ಅವರಿಗೆ ವರ್ಷಗಟ್ಟಲೆ ನೆನಪಿರುತ್ತಿತ್ತು. ಡಿಗ್ರಿ ಮುಗಿಸಿ ಅಪ್ಪನ ಜೊತೆ ಟೊಮೆಟೊ ಬೆಳೆಯುತ್ತಿದ್ದ ನಾನು ಸಂಜೆ ಪೇಪರ್ ನೋಡಲು ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅವರು ಬಿಟ್ಟಾರೆಯೆ? ಒಂದು ದಿನ ಇಟ್ಟಿಗೆ ಗಾತ್ರದ ರಷ್ಯನ್ ಕಾದಂಬರಿಯ ಅನುವಾದವೊಂದನ್ನು ಕೈಗೆ ತುರುಕಿದರು. ರಟ್ಟೂ ಹೆಸರಿನ ಪುಟವೂ ಕಿತ್ತುಹೋಗಿದ್ದ ಅದನ್ನು ಅವರು ಕೊಡಲಿ ಪುಸ್ತಕ ಎಂದೇ ಕರೆಯುತ್ತಿದ್ದರು. ಬಡ ವಿದ್ಯಾರ್ಥಿಯೊಬ್ಬ ಮುದುಕಿಯನ್ನು ಕೊಡಲಿಯಿಂದ ಕೊಂದು, ಯಾರ ಕೈಗೂ ಸಿಗದೆ, ಒಳಗೊಳಗೇ ಬೇಯುವ ಕಥೆ.

"ಬರೆದೋನನ್ನೇ ಒಂದು ಸಲ ಗುಂಡಿಟ್ಟು ಕೊಲ್ಲೋಕೆ ನಿಲ್ಲಿಸಿದ್ರಂತೆ. ಕೊನೇ ಗಳಿಗೇಲಿ ಬೇಡ ಅಂತ ಹುಕುಂ ಬಂತಂತೆ. ಭಯ ಅಂದ್ರೆ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತು ಕಣೋ" ಎಂದರು. ನನಗೆ ಗೊತ್ತಿರಲಿಲ್ಲ. ಅದೇ ವಾರ ಗೊತ್ತಾಯಿತು.

ನಮ್ಮ ಟೊಮೆಟೊ ತೋಟಕ್ಕೆ ಅಂಟಿಕೊಂಡೇ ಪಕ್ಕದ ಮನೆಯವರ ಹಿಪ್ಪುನೇರಳೆ ತೋಟ. ಕೀಟಗಳಿಗೆ ಔಷಧಿ ಹೊಡೆಯುವವರು ಹಿಂದಿನ ದಿನವೇ ಪಕ್ಕದವರಿಗೆ ಹೇಳಬೇಕು. ಅವರು ರೇಷ್ಮೆ ಹುಳುಗಳಿಗೆ ಬೇಕಾದ ಸೊಪ್ಪನ್ನು ಮೊದಲೇ ಕೊಯ್ದಿಟ್ಟುಕೊಳ್ಳುತ್ತಾರೆ. ಗಾಳಿ ಅವರ ಕಡೆಗಿದ್ದರೆ ಔಷಧಿ ಮುಟ್ಟಲೇಬಾರದು. ಇದನ್ನು ಎಲ್ಲೂ ಬರೆದಿಟ್ಟಿಲ್ಲ, ಆದರೂ ನಮ್ಮ ಕಡೆ ಯಾರೂ ಮೀರುವುದಿಲ್ಲ. ನಾನು ಮೀರಿದೆ. ಮರುದಿನ ಗೆಳೆಯರ ಜೊತೆ ಕೋಲಾರಕ್ಕೆ ಸಿನಿಮಾಕ್ಕೆ ಹೋಗುವುದಿತ್ತು, ಅಷ್ಟೇ ಕಾರಣ. ಔಷಧಿಯ ತುಂತುರು ಬೇಲಿ ದಾಟಿ ಹಸಿರು ಸೊಪ್ಪಿನ ಮೇಲೆ ಇಳಿಯುವುದನ್ನು ಕಣ್ಣಾರೆ ಕಂಡೂ ಹೊಡೆಯುತ್ತಲೇ ಹೋದೆ.

ಎರಡು ದಿನಕ್ಕೆ ಪಕ್ಕದ ಮನೆಯ ಹುಳುಗಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಾರಿ, ತಟ್ಟೆ ತಟ್ಟೆಯೇ ಸತ್ತವು. ಇನ್ನೊಂದು ವಾರ ಬದುಕಿದ್ದರೆ ಗೂಡು ಕಟ್ಟುತ್ತಿದ್ದವು. ಆ ಮನೆಯ ಅತ್ತೆ ನೇರವಾಗಿ ಹೊಸ ಸೊಸೆಯ ಕಡೆ ಬೆರಳು ತೋರಿಸಿದರು. ಮುಟ್ಟಾದವರು ಹುಳುಮನೆಯೊಳಗೆ ಕಾಲಿಡಬಾರದು ಎಂಬುದು ಹಳೆಯ ನಂಬಿಕೆ. ಮನೆಯಲ್ಲಿ ಯಾರೂ ಇಲ್ಲದಾಗ, ಹುಳು ಹಸಿದಾವೆಂದು ಆ ಹುಡುಗಿ ಅಂಥ ದಿನವೇ ಒಳಗೆ ಹೋಗಿ ಸೊಪ್ಪು ಹಾಕಿದ್ದಳಂತೆ. ಮರುದಿನವೇ ಅವಳನ್ನು ಶ್ರೀನಿವಾಸಪುರದ ತವರಿಗೆ ಕಳಿಸಿದರು. ಬಸ್ ಸ್ಟಾಪಿನಲ್ಲಿ ಬ್ಯಾಗು ಹಿಡಿದು ಒಬ್ಬಳೇ ನಿಂತಿದ್ದಳು. ನಾನು ಮೊಬೈಲ್ ನೋಡುತ್ತಾ ದಾಟಿಹೋದೆ.

ಆಮೇಲೆ ಮನೆ ಮುಂದೆ ಯಾರ ಬೈಕ್ ನಿಂತರೂ ಹಿತ್ತಲ ಕಡೆಗೆ ಸರಿದುಬಿಡುತ್ತಿದ್ದೆ. ಔಷಧಿ ಬಾಟಲಿಯನ್ನು ಬದುವಿನಲ್ಲಿ ಹೂತೆ. ಅಲ್ಲಿ ನಾಯಿ ಕೆದಕುವುದನ್ನು ಕಂಡು ಮತ್ತೆ ಅಗೆದು ಪಾಳು ಬಾವಿಗೆ ಎಸೆದೆ. ಮನಸ್ಸು ಬೇರೆ ಕಡೆ ತಿರುಗಲೆಂದು ಕೊಡಲಿ ಪುಸ್ತಕ ಬಿಚ್ಚಿದರೆ, ಆ ಹುಡುಗ ಕೊಲೆ ಮಾಡಿ ಮೆಟ್ಟಿಲಿಳಿಯುವಲ್ಲಿಗೆ ಪುಸ್ತಕ ಮುಚ್ಚಿಬಿಡುತ್ತಿದ್ದೆ. ವಾಪಸು ಕೊಟ್ಟೆ. ತಡೆಯಲಾಗದೆ ಮತ್ತೆ ತಂದೆ. ಹೀಗೆ ಮೂರು ಸಲವಾಯಿತು.

ಮೂರನೇ ಸಲ ಗ್ರಂಥಪಾಲಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೂರು ಸಲವೂ ಅದೇ ಮೆಟ್ಟಿಲ ಮೇಲೆ ನಿಂತಿದೀಯ. ಕಥೆ ಶುರುವಾಗೋದೇ ಅಲ್ಲಿಂದಾಚೆಗೆ. ಏನು ಮಾಡ್ಕೊಂಡಿದೀಯ, ಹೇಳು."

ಎಲ್ಲ ಹೇಳಿಬಿಟ್ಟೆ. ಸಮಾಧಾನ ಮಾಡುತ್ತಾರೆಂಬ ಆಸೆಯಿತ್ತು. ಅವರ ಮುಖವೇ ಬಿಳಿಚಿಕೊಂಡಿತು.

"ನಂಗ್ಯಾಕೆ ಹೇಳ್ದೆ? ನಾನೇನು ಆ ಹುಡುಗೀನಾ?" ಎಂದವರೇ ಎದ್ದು, ಮುಚ್ಚುವ ಹೊತ್ತಿಗಿಂತ ಮೊದಲೇ ಗ್ರಂಥಾಲಯಕ್ಕೆ ಬೀಗ ಹಾಕಿದರು. ಅವರು ಹಾಗೆ ಮಾಡಿದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

"ಹೊಡೀತಾರೆ ಸರ್," ಪಕ್ಕದ ಮನೆಯ ದಾರಿಯುದ್ದಕ್ಕೂ ನಾನು ಗೋಗರೆದೆ.

"ಹೊಡೀಬಹುದು. ನಂಗೂ ಒಂದು ಬೀಳಬಹುದು. ನಡಿ." ಅವರೇನೂ ಧೈರ್ಯವಂತರಲ್ಲ, ಬೀದಿನಾಯಿ ಬೊಗಳಿದರೆ ರಸ್ತೆಯ ಆ ಬದಿಗೆ ಹೋಗುವ ಜೀವ ಅದು.

ಪಕ್ಕದ ಮನೆಯ ಜಗಲಿಯಲ್ಲಿ ನಿಂತು ಹೇಳಿದೆ. ಆ ಹುಡುಗಿಯ ಗಂಡ ಎದ್ದು ಬಂದು ನನ್ನ ಕಾಲರ್ ಹಿಡಿದ. ಅವನನ್ನು ತಡೆದದ್ದು ಅವನ ತಾಯಿ. ಆಕೆ ಬೀದಿಯ ಕಡೆ ನೋಡಿ ಬಾಗಿಲು ಮುಂದಕ್ಕೆ ಎಳೆದುಕೊಂಡರು.

"ಮೆಲ್ಲಗೆ ಮಾತಾಡ್ಲಾ. ಊರಿಗೆಲ್ಲಾ ಅವಳೇ ಅಂತ ಹೇಳಾಯ್ತು. ಈಗ ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ? ಇದನ್ನ ಇಲ್ಲಿಗೇ ಬಿಡು. ನಾವೂ ನಿನ್ನ ಬಿಡ್ತೀವಿ."

ಸುಳ್ಳು ಹೇಳುವುದಿಲ್ಲ, ಹೋದ ಜೀವ ಬಂದಂತಾಯಿತು. ಆಯ್ತಲ್ಲ ಸರ್ ಎಂಬಂತೆ ಗ್ರಂಥಪಾಲಕರ ಮುಖ ನೋಡಿದೆ. ಅವರು ಕೈ ಮುಗಿದು ಆಕೆಗೆ, "ಇವನನ್ನ ಬಿಡಬೇಕಾದೋಳು ಶ್ರೀನಿವಾಸಪುರದಲ್ಲಿದಾಳೆ ತಾಯಿ" ಎಂದರು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ನನ್ನನ್ನು ಹತ್ತಿಸಿ, ತಾವೂ ಪಕ್ಕದಲ್ಲಿ ಕೂತರು.

ಆ ಹುಡುಗಿ ತವರಿನ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ನಿಜವಾ ಅಣ್ಣಾ? ನಾನೇ ಕೊಂದೆ ಅನ್ಕೊಂಡಿದ್ದೆ. ಕಣ್ ಮುಚ್ಚಿದ್ರೆ ಸಾಕು, ಅವು ತಲೆ ಎತ್ಕೊಂಡು ನನ್ನೇ ನೋಡ್ತವೆ."

ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅತ್ತ ಸದ್ದು ಪಡಸಾಲೆಯವರೆಗೂ ಕೇಳಿತು. ಅವಳ ತಂದೆ ಕೇಳಿದಂತೆ, ಹೋಳೂರಿನಲ್ಲಿ ಹಿರಿಯರ ಮುಂದೆ ನಿಂತು ಅದನ್ನೇ ಮತ್ತೆ ಹೇಳಿದೆ. ಗಂಡ ತಾನೇ ಹೋಗಿ ಕರೆದರೂ ಆಕೆ ಒಂದು ತಿಂಗಳು ಕಾಯಿಸಿಯೇ ಬಂದಳು.

ಗ್ರಂಥಪಾಲಕರು ಎರಡು ವರ್ಷದ ಹಿಂದೆ ತೀರಿಕೊಂಡರು. ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಮಣ್ಣಿಗೆ ಬಂದವರೆಲ್ಲ ಅವರು ಕೊಟ್ಟ ಪುಸ್ತಕಗಳ ಮಾತಾಡಿದರು. ನನಗೆ ನೆನಪಾದದ್ದು ಶ್ರೀನಿವಾಸಪುರದಿಂದ ಹಿಂದಿರುಗಿದ ಬಸ್ಸು. ಕಿಟಕಿಯಾಚೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದ್ದರು:

"ಭಯ ಹೋಯ್ತಾ?"

"ಇಲ್ಲ ಸರ್. ಜಾಸ್ತಿಯಾಗಿದೆ."

"ಒಳ್ಳೇದು. ಇಟ್ಕೋ. ಅದು ಹೋದ ದಿನ ಇನ್ನೊಂದು ಸಲ ಮಾಡ್ತೀಯ."

ಇಟ್ಟುಕೊಂಡಿದ್ದೇನೆ.