ಗೌರಿಗೆ ದೊಡ್ಡದಾದ ಚೌಕಟ್ಟು

ಇಂಜೆಕ್ಷನ್ ಕೊಡುವಾಗ ಹಸು ಅಲುಗಾಡದಿರಲೆಂದು ತರಿಸಿದ್ದ ಹೊಸ ಕಬ್ಬಿಣದ ಚೌಕಟ್ಟಿನೊಳಗೆ ನಮ್ಮ ಗೌರಿಯನ್ನು ನಿಲ್ಲಿಸಿದರೆ, ತನ್ನ ಕತ್ತನ್ನು ಹಿಡಿದಿಡಬೇಕಿದ್ದ ಸರಳುಗಳ ನಡುವೆಯೇ ಅವಳು ನುಸುಳಿ ಆಚೆ ಹೋಗಿ ಹುಲ್ಲು ಮೇಯತೊಡಗಿದಳು. ಗೌರಿ ಮಲೆನಾಡು ಗಿಡ್ಡ ತಳಿಯವಳು. ನಮ್ಮೂರು ಬೆಳಗೋಡಿನ ಸುತ್ತ ಇಂಥ ಹಸುಗಳನ್ನು ಕಾಣದವರಿಲ್ಲ.

ಚೌಕಟ್ಟು ತಂದಿದ್ದ ಅಂಗಡಿಯವನು ನಾಚಿಕೊಳ್ಳುವ ಬದಲು ನಕ್ಕ. "ನಮ್ ಮಾಲು ಸರಿಯಾಗೇ ಐತೆ ಕಣಕ್ಕ. ನಿಮ್ ಹಸುನೇ ಸಣ್ಣದು. ಇದನ್ನ ಮಾರ್ಬುಟ್ಟು ಒಂದು ಜರ್ಸಿ ಕಟ್ಕಳಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕಡಿದಾದ ಏರಿನಲ್ಲಿ ತಾನೇ ಮೇದು, ಸಂಜೆ ತಾನೇ ಮನೆಗೆ ಬರುವ ಹಸುವನ್ನು ಮಾರಬೇಕೆ? ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೊಟ್ಟಿಗೆಯಿಂದ ಕೂಗಿದರು: "ಅಂಗಿ ದೊಡ್ಡದಾಯ್ತು ಅಂತ ಮಗನ್ನೇ ಬದ್ಲಾಯಿಸ್ತಾರೇನೋ ಮಾರಾಯ? ಹೊತ್ಕೊಂಡ್ ಹೋಗು ನಿನ್ ಕಬ್ಬಿಣನ!"

ಬಂದ ಪಿಕಪ್ಪಿನಲ್ಲೇ ಅದನ್ನು ವಾಪಸು ಕಳಿಸಿ, ಗೌರಿಯ ಅಳತೆಗೆ ತೋಟದ ಸಿಲ್ವರ್ ಓಕ್ ಕಂಬಗಳನ್ನೇ ನೆಟ್ಟುಕೊಂಡೆವು. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಪಿಕಪ್ ಒಳಗೆ ಬರಲು ನಮ್ಮ ಗೇಟು ಎಷ್ಟು ಅಗಲವಿದೆ ಎಂದು ಫೋನಿನಲ್ಲಿ ಕೇಳಿ ಕೇಳಿ ತಿಳಿದುಕೊಂಡಿದ್ದ ಆ ಮನುಷ್ಯ, ಹಸು ಎಷ್ಟು ದೊಡ್ಡದು ಎಂದು ಒಮ್ಮೆಯೂ ಕೇಳಿರಲಿಲ್ಲ.