ಅರ್ಧ ಕಿಲೋ ಕೊಸರು

ಕೊರಿಯರಿನಲ್ಲಿ ಬಂದ ಪೆಟ್ಟಿಗೆಯಿಂದ ಸಾಮಾನು ಹೊರತೆಗೆದ ಮೇಲೂ ಅದನ್ನು ತಲೆಕೆಳಗಾಗಿಸಿ ಕೊಡವಿ ನೋಡುವ ವಿಚಿತ್ರ ವ್ಯಸನವೊಂದು ನನಗಿದೆ. ಮಿಕ್ಸರಿನ ಮುಚ್ಚಳವೊಂದಕ್ಕೆ ತೊಟ್ಟಿಲಿನಷ್ಟು ದೊಡ್ಡ ಪೆಟ್ಟಿಗೆ ಬರುತ್ತದೆ. ಅದರ ಮುಕ್ಕಾಲು ಪಾಲು ವಾಯುದೇವರ ನಿವಾಸ. ನಾನು ಕೊಡವುವಾಗ ಯಜಮಾನರು ಪತ್ರಿಕೆಯ ಮರೆಯಿಂದಲೇ, "ಏನ್ ಬಿತ್ತು? ಬಂಗಾರ?" ಎಂದು ಚೇಷ್ಟೆ ಮಾಡುತ್ತಾರೆ. ನಾನು ನಿರೀಕ್ಷಿಸುವುದು ಬಂಗಾರವನ್ನಲ್ಲ, ಕೊಸರನ್ನು.

ಕೊಸರು ನಿಮಗೆ ಗೊತ್ತಲ್ಲ? ತೂಕ ಸರಿಯಾದ ಮೇಲೂ ಚೀಲಕ್ಕೆ ಬೀಳುವ ನಾಲ್ಕು ಹಸಿಮೆಣಸಿನಕಾಯಿ, ಒಂದೆರಡು ಎಳೆ ಕೊತ್ತಂಬರಿ. ನನ್ನ ತವರು ಮಾನ್ವಿಯ ಸಂತೆಯಲ್ಲಿ ಅವ್ವ, "ಕೈ ಸಣ್ಣದು ಮಾಡಬ್ಯಾಡ ಯಪ್ಪಾ, ಇನ್ನೊಂದೀಟು ಹಾಕು" ಎಂದು ಕೊಸರಿಗಾಗಿ ಕೊಸರಾಡುತ್ತಿದ್ದರೆ, ಕಾನ್ವೆಂಟಿನಲ್ಲಿ ಪ್ಲೀಸು, ಥ್ಯಾಂಕ್ಯೂಗಳಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ ನಾನು, ಬೇರೆ ಯಾರದೋ ಮಗಳೆಂಬಂತೆ ಬಳೆ ಅಂಗಡಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಈಗ ರಾಯಚೂರಿನ ಮನೆಯಲ್ಲಿ ಕೂತು ಬೆರಳ ತುದಿಯಲ್ಲೇ ಸಂತೆ ಮುಗಿಸುವಾಗ ಆ ಮೆಣಸಿನಕಾಯಿಗಳು ನೆನಪಾಗುತ್ತವೆ.

ದೇವದುರ್ಗದ ಶರಣಮ್ಮ ನನ್ನ ನಾದಿನಿಯ ನೆರೆಮನೆಯಾಕೆ. ಆಕೆ ಕುಟ್ಟುವ ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಆನ್‌ಲೈನ್ ಅಂಗಡಿಯೇರಿ, ಆಕೆ ಕಂಡರಿಯದ ಊರುಗಳ ಊಟದ ತಟ್ಟೆಗೆ ಹೋಗುತ್ತಿದೆ. ಹಿಂಡಿ ಅವಳ ಖಾತೆ, ಅಂಗಡಿಯ ಇಂಗ್ಲಿಷು ಪತ್ರವ್ಯವಹಾರ ನನ್ನ ಖಾತೆ. ಹೀಗಿರಲು ದಿಲ್ಲಿಯ ಗಿರಾಕಿಯೊಬ್ಬಳು, ತಾನು ಕೇಳದ ಪೊಟ್ಟಣವೊಂದು ಬಂದಿದೆ, ತಪ್ಪು ಸಾಮಾನು ಎಂದು ದೂರಿತ್ತಳು. ಇಂಥದೇ ಇನ್ನೊಂದು ದೂರು ಬಂದರೆ ಅಂಗಡಿ ಬಂದ್ ಎಂದು ಜಾಲತಾಣದವರೂ ಎಚ್ಚರಿಸಿದರು. ತಪ್ಪು ಸಾಮಾನು ಯಾವುದೆಂದರೆ, ಶರಣಮ್ಮ ಕೊಸರಾಗಿ ಇಟ್ಟಿದ್ದ ಒಂದು ಹಿಡಿ ಅಗಸಿ ಹಿಂಡಿ, ಅಗಸೆಬೀಜದ ಚಟ್ನಿಪುಡಿ! ಬಸ್‌ಸ್ಟ್ಯಾಂಡಿನ ಬಳಿಯ ಗೂಡಂಗಡಿಯನ್ನು ಬಿಟ್ಟು ಈ ಜಾಲದಂಗಡಿಯನ್ನೇ ನಂಬಿದ್ದವಳು ಸುದ್ದಿ ತಿಳಿದೊಡನೆ ಫೋನು ಮಾಡಿದಳು.

"ಕಮ್ಮಿ ಹಾಕಿದ್ರ ಬೈತಾರಂತ ಗೊತ್ತಿತ್ರಿ ಅಕ್ಕಾರ. ಹೆಚ್ಚಿಗಿ ಹಾಕಿದ್ರೂ ಬೈತಾರೇನು?"

ಹಾಕುವುದನ್ನೇ ಬಿಟ್ಟುಬಿಡು ಎಂದೆ. "ಉಡಿ ತುಂಬದ ಮಗಳನ್ನ ಗಂಡನ ಮನಿಗಿ ಕಳಿಸಿದಂಗ ಆಗ್ತದ್ರಿ" ಎಂದಳು. ಹಾಗಾದರೆ 'ಫ್ರೀ' ಎಂದು ಬರೆಯೋಣವೆಂದೆ. ಅದಕ್ಕಂತೂ ಸಿಟ್ಟೇ ಬಂತು. "ಫ್ರೀ ಅಂದ್ರ ಗಿರಾಕಿನ ಕರಿಯಾಕ ಒಗಿಯೋದ್ರಿ. ಕೊಸರು ಯಾಪಾರ ಮುಗಿದ ಮ್ಯಾಲ ಹಾಕೋದು."

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಅಷ್ಟೂ ಇಂಗ್ಲಿಷನ್ನು ತಲೆಕೆಳಗಾಗಿಸಿ ಕೊಡವಿದೆ. ಕೊಸರಿಗೊಂದು ಪದ ಉದುರಲಿಲ್ಲ. ಕೊನೆಗೆ ಜಾಲತಾಣದಲ್ಲಿ, ಪೆಟ್ಟಿಗೆಯಲ್ಲಿ ಏನೇನಿದೆಯೆಂದು ತಿಳಿಸುವ ಜಾಗದಲ್ಲಿ, ಶೇಂಗಾ ಹಿಂಡಿ ಒಂದು, ಕೊಸರು ಒಂದು ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಕೂರಿಸಿದೆ. ದಿಲ್ಲಿಯವಳಿಗೂ, ಅದು ತಪ್ಪಲ್ಲ ತಾಯಿ, ಕೊಸರು, ಅನ್ನಕ್ಕೆ ಕಲಸಿಕೊಂಡು ನೋಡು ಎಂದು ಬರೆದೆ.

ಕೆಲದಿನಗಳಲ್ಲಿ ಅವಳದೇ ಸಂದೇಶ ಬಂತು. ಎರಡನೆಯ ದೂರೇ ಇರಬೇಕು, ಶರಣಮ್ಮನ ಅಂಗಡಿ ಮುಳುಗಿತು ಎಂದುಕೊಂಡು ಅರೆಗಣ್ಣಿನಲ್ಲಿ ಓದಿದೆ. ದೂರನ್ನು ಹಿಂದಕ್ಕೆ ಪಡೆದಿದ್ದಳು. ಜೊತೆಗೊಂದು ಪ್ರಶ್ನೆ: ಅರ್ಧ ಕಿಲೋ ಕೊಸರಿಗೆ ಬೆಲೆ ಎಷ್ಟು?

ಶರಣಮ್ಮ ನಕ್ಕ ರಭಸಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಕೊಸರಿಗೇ ರೇಟ್ ಹಚ್ಚಿದ್ರ ಅದರ ಮ್ಯಾಲ ಕೊಸರು ಏನ್ ಹಾಕ್ಲಿರಿ ಅಕ್ಕಾರ?" ಎಂದವಳು ಕೊನೆಗೆ ಅಗಸಿ ಹಿಂಡಿ ಅರ್ಧ ಕಿಲೋ ತೂಗಿ, ಅದರ ಮೇಲೆ ಒಂದು ಹಿಡಿ ಶೇಂಗಾ ಹಿಂಡಿಯನ್ನು ಕೊಸರಾಗಿಟ್ಟಳು. ಅಸಲು ಕೊಸರಾಯಿತು, ಕೊಸರು ಅಸಲಾಯಿತು, ಅಂಗಡಿ ಉಳಿಯಿತು.

ನಿನ್ನೆಯೂ ನಮ್ಮ ಮನೆಗೊಂದು ಪೆಟ್ಟಿಗೆ ಬಂತು. ಕೊಡವಿದೆ. "ಏನ್ ಬಿತ್ತು?" ಎಂದರು ಯಜಮಾನರು. ಏನೂ ಬೀಳಲಿಲ್ಲ. ಆದರೆ ಗಟ್ಟಿ ಪೆಟ್ಟಿಗೆ. ಮಡಚಿ ಶರಣಮ್ಮನಿಗೆಂದು ತೆಗೆದಿಟ್ಟೆ. ಇದೇ ಪೆಟ್ಟಿಗೆಯನ್ನು ನಾಳೆ ಯಾವುದೋ ಊರಿನಲ್ಲಿ ಇನ್ನೊಬ್ಬಳು ಕೊಡವುತ್ತಾಳೆ. ಆಗ ಬೀಳುತ್ತದೆ.